ಪುಟ್ಟಿ ಕ್ಯಾಮೆರಾ ವಿಷ್ಯ, ಅಂಗಡಿಗೆ ಅಡ್ವಾನ್ಸ್ ಕೊಡೋಕೆ ಮುಂಚೆ ಇದನ್ನ ಪೂರ್ತಿ ಓದಿ

ಅಕ್ಕಾ, ನಿನ್ ಮೆಸೇಜ್ ಬೆಳಿಗ್ಗೆನೇ ನೋಡ್ದೆ, ಡ್ಯೂಟಿಲಿದ್ದೆ, ಅವಸರದಲ್ಲಿ ಒಂದು ಸಾಲು ಬರ್ದು ಬಿಡೋ ವಿಷ್ಯ ಅಲ್ಲ ಅಂತ ಸುಮ್ನಿದ್ದೆ. ಈಗ ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದೀನಿ, ಸಮಾಧಾನವಾಗಿ ಹೇಳ್ತೀನಿ, ಉದ್ದ ಆಗುತ್ತೆ, ಪುಟ್ಟಿನೂ ಪಕ್ಕದಲ್ಲಿ ಕೂರಿಸ್ಕೊಂಡು ಓದು. ಭಾವ, ನೀವೂ ಓದಿ, ನೀವು ಗ್ರೂಪಲ್ಲಿ ಹಾಕಿರೋ ಆ ಕೊಟೇಶನ್ ಬಗ್ಗೆನೇ ನಂಗೆ ಜಾಸ್ತಿ ಹೇಳೋದಿರೋದು.

ಅಂದ್ರೆ ನಂಗೆ ಅರ್ಥ ಆಗಿರೋದು ಇಷ್ಟು. ಪಿಯುಸಿ ಪರೀಕ್ಷೆ ಮುಗೀತಿದ್ದಂಗೆ ಏಪ್ರಿಲ್‌ನಲ್ಲಿ ಎಲ್ಲಾ ಸೇರಿ ಲಕ್ಕವಳ್ಳಿಗೆ ಹೋಗೋದು, ಭದ್ರಾ ಹಿನ್ನೀರಲ್ಲಿ ಒಂದು ಬೋಟ್ ಸಫಾರಿ, ಕಾಡೊಳಗೆ ಒಂದು ಜೀಪ್ ಸಫಾರಿ, ಪುಟ್ಟಿಗೆ ಕ್ಯಾಮೆರಾ ಬೇಕು, 45 ಸಾವಿರ ಮೀರಬಾರ್ದು. ಅಂಗಡಿಯವ್ರು ಹೊಸಾ ಕ್ಯಾನನ್ 1500ಡಿ ಜೊತೆ 18-55 ಕಿಟ್ ಲೆನ್ಸ್ ಕೊಟ್ಟು (ಈ ನಂಬರ್ ದೊಡ್ಡದಿದ್ದಷ್ಟೂ ದೂರದ್ದು ಹತ್ರ ಕಾಣುತ್ತೆ), ದೂರದ್ದು ತೆಗೆಯೋಕೆ ಅಂತ 75-300 ಲೆನ್ಸೂ ಸೇರ್ಸಿ, ಬ್ಯಾಗು ಟ್ರೈಪಾಡು ಫ್ರೀ ಅಂತ ಹೇಳಿದಾರೆ. ಚಿಕ್ಕಪ್ಪನ ಮಗ ಏನಂತಾನೆ ಅಂದ್ರೆ ಇದ್ಯಾವುದೂ ಬೇಡ, ಅವನ ಹೊಸಾ ಫೋನಲ್ಲಿ 100 ಪಟ್ಟು ಜೂಮ್ ಇದೆ, ಅದನ್ನೇ ತಗೊಂಡು ಹೋಗ್ಲಿ ಅಂತ.

ಫೋನ್ ವಿಷ್ಯ ಬೇಗ ಮುಗಿಸ್ಬಿಡ್ತೀನಿ. ಆ 100 ಪಟ್ಟಿನಲ್ಲಿ ಲೆನ್ಸ್ ನಿಜವಾಗ್ಲೂ ಎಳ್ಕೊಳ್ಳೋದು ಮೂರೋ ಐದೋ ಪಟ್ಟು, ಹೆಚ್ಚಂದ್ರೆ ಹತ್ತು, ಉಳಿದಿದ್ದೆಲ್ಲ ಅದೇ ಫೋಟೋನ ಕತ್ತರಿಸಿ ಹಿಗ್ಗಿಸೋದು. ಆ ದಡದಲ್ಲಿ ನಿಂತಿರೋ ಆನೆನ ಗುರುತಿಗೆ ತೆಗೀಬೋದು. ಹಕ್ಕಿಗೆ ಆಗಲ್ಲ.

ಈಗ ಭಾವ ಹಾಕಿರೋದು. 1500ಡಿ ಕೆಟ್ಟ ಕ್ಯಾಮೆರಾ ಅಲ್ಲ, ಆದ್ರೆ ಇಲ್ಲಿ ದುಡ್ಡೆಲ್ಲ ಹೊಸಾ ಕ್ಯಾಮೆರಾ ಬಾಡಿಗೇ, ಅಂದ್ರೆ ಲೆನ್ಸ್ ಬಿಟ್ಟು ಉಳಿದ ಭಾಗಕ್ಕೇ ಹೋಗಿ ಲೆನ್ಸಿಗೆ ಏನೂ ಉಳ್ದಿಲ್ಲ ನೋಡಿ. ಕಾಡಿಗೆ ಹೋಗೋರು ಇದನ್ನ ಉಲ್ಟಾ ಮಾಡ್ಬೇಕು, ಮೊದ್ಲು ಲೆನ್ಸು, ಆಮೇಲೆ ಬಾಡಿ. 18-55ರಲ್ಲಿ ಆಚೆ ದಡದ ಕಾಟಿ ಉದ್ದಿನಕಾಳಷ್ಟು ಕಾಣುತ್ತೆ. ಸರಿ, ಅದಕ್ಕೇ ತಾನೆ 75-300 ಇರೋದು ಅಂತೀರ, ಅಲ್ಲೇ ನಂಗೆ ಹೊಟ್ಟೆ ಉರಿಯೋದು, ಕ್ಯಾನನ್ 75-300ರಲ್ಲಿ ಐಎಸ್ ಇಲ್ಲ. ಐಎಸ್ ಅಂದ್ರೆ ಕೈ ನಡುಗಿದ್ರೂ ಒಳಗಿನ ಗ್ಲಾಸು ಅದಕ್ಕೆ ತಕ್ಕಂಗೆ ಜರುಗಿ ಚಿತ್ರನ ನಿಲ್ಲಿಸೋದು. ದೂರಕ್ಕೆ ಜೂಮ್ ಮಾಡಿದಷ್ಟೂ ಕೈ ನಡುಕ ದೊಡ್ಡದಾಗಿ ಕಾಣುತ್ತೆ, ಅದೂ ಮೊದಲ ಸಲ ಹಿಡಿಯೋ ಹುಡುಗಿ, ಅದೂ ಅಲುಗಾಡೋ ಬೋಟಲ್ಲಿ. ಜೊತೆಗೆ 300ಕ್ಕೆ ಎಳೆದಾಗ ಆ ಲೆನ್ಸು ಮಸುಕು ಮಸುಕಾಗಿ ಬರುತ್ತೆ. ಫ್ರೀ ಟ್ರೈಪಾಡ್ ಬೋಟಲ್ಲೂ ಜೀಪಲ್ಲೂ ಹಾಕೋಕೇ ಜಾಗ ಇರಲ್ಲ. ಕ್ಯಾನನ್ನೇ ಬೇಕು ಅಂದ್ರೆ 55-250 ಐಎಸ್ ಎಸ್‌ಟಿಎಂ ಅಂತ ಬರುತ್ತೆ, ಅದು ಒಳ್ಳೇ ಲೆನ್ಸು, ಎರಡೆರಡು ಲೆನ್ಸ್ ಬೇಡ, ಅದೊಂದೇ ಸಾಕು.

ಅಕ್ಕ ನೀನು ಕೇಳಿದ್ದು ಆ ದೊಡ್ಡ ಜೂಮ್ ಇರೋ ಕ್ಯಾಮೆರಾ, ಲೆನ್ಸ್ ಬದಲಾಯಿಸೋ ತಲೆನೋವಿಲ್ದೆ ಇರೋದು, ಅದಕ್ಕೆ ಬ್ರಿಡ್ಜ್ ಕ್ಯಾಮೆರಾ ಅಂತಾರೆ. ನಿಕಾನ್ ಪಿ950 ಅಂತ ಇದೆ, 83 ಪಟ್ಟು ಜೂಮ್, 2000 ಎಂಎಂ ವರೆಗೂ ಹೋಗುತ್ತೆ, ಕ್ಯಾನನ್ ಎಸ್‌ಎಕ್ಸ್70 ಅಂತ ಇನ್ನೊಂದು, 65 ಪಟ್ಟು. ಬಿಸಿಲಲ್ಲಿ ಕೊಂಬೆ ಮೇಲೆ ಸುಮ್ನೆ ಕೂತಿರೋ ಮಿಂಚುಳ್ಳಿಗೆ ಇದ್ರಷ್ಟು ಸುಲಭದ್ದು ಇನ್ನೊಂದಿಲ್ಲ. ವರ್ಷಕ್ಕೊಂದ್ಸಲ ಟೂರ್ ಹೋಗೋ ಮನೆಗೆ ನಾನೇ ಇದನ್ನ ತಗೊಳ್ಳಿ ಅಂತಿದ್ದೆ. ಆದ್ರೆ ಅದರ ಬೆಳಕು ಹಿಡಿಯೋ ಸೆನ್ಸರ್ ಉಗುರಷ್ಟು ಚಿಕ್ಕದು, 1500ಡಿ ತರ ಲೆನ್ಸ್ ಬದಲಾಯಿಸೋ ಡಿಎಸ್‌ಎಲ್‌ಆರ್‌ದು ಅದಕ್ಕಿಂತ ಹೆಚ್ಚುಕಮ್ಮಿ 13 ಪಟ್ಟು ದೊಡ್ಡದು. ಸೂರಿನ ಕೆಳಗೆ ಮಳೆನೀರು ಹಿಡಿಯೋಕೆ ಲೋಟ ಇಟ್ಟಂಗೂ ಪರಾತ ಇಟ್ಟಂಗೂ ವ್ಯತ್ಯಾಸ ಅದು. ಸಫಾರಿ ಶುರುವಾಗೋದು ಬೆಳಗಿನ ಆರು ಆರೂವರೆಗೆ, ಪ್ರಾಣಿ ಹೊರಗೆ ಬರೋದೂ ಆಗ್ಲೇ, ಕಾಡೊಳಗೆ ಆಗಿನ್ನೂ ಮಬ್ಬು, ಆ ಬೆಳಕಲ್ಲಿ ಲೋಟದ ಕ್ಯಾಮೆರಾ ತೆಗೆದ ಫೋಟೋ ತುಂಬಾ ಹಿಟ್ಟು ಚೆಲ್ಲಿದಂಗೆ ಚುಕ್ಕೆ ಚುಕ್ಕೆ ಬರುತ್ತೆ.

ಇನ್ನೊಂದು ಕಾರಣ ಭದ್ರಾದ್ದೇ. ಬೇಸಿಗೆಲಿ ನೀರು ಇಳಿದಾಗ ಅಲ್ಲಿ ಕಲ್ಲು ಮಣ್ಣಿನ ನಡುಗಡ್ಡೆ ಮೇಲಕ್ಕೆ ಬರುತ್ತಲ್ಲ, ಅಲ್ಲಿಗೆ ರಿವರ್ ಟರ್ನ್ ಹಕ್ಕಿಗಳು ಗುಂಪು ಗುಂಪಾಗಿ ಬಂದು ಮೊಟ್ಟೆ ಇಡ್ತವೆ. ಹೊಟ್ಟೆ ಬೆಳ್ಳಗೆ, ಬೆನ್ನು ತಿಳಿ ಬೂದಿ, ತಲೆ ಮೇಲೆ ಕಪ್ಪು ಟೋಪಿ ಇಟ್ಟಂಗೆ, ಕೊಕ್ಕು ಹಳದಿ, ಕಾಲು ಕೆಂಪು. ನೀರಿನ ಮೇಲೆ ಹಾರ್ತಾ ಹಾರ್ತಾ ಒಂದು ಕಡೆ ರೆಕ್ಕೆ ಬಡೀತಾ ನಿಂತು ಸರಕ್ಕನೆ ಕೆಳಗೆ ಬೀಳುತ್ತೆ, ಏಳೋವಾಗ ಕೊಕ್ಕಲ್ಲಿ ಮೀನು. ನಾನು ಮೊದಲ ಸಲ ಹೋದಾಗ ಸ್ನೇಹಿತನ ಬ್ರಿಡ್ಜ್ ಕ್ಯಾಮೆರಾ ತಗೊಂಡು ಹೋಗಿದ್ದೆ. ಅದರ ವ್ಯೂಫೈಂಡರ್ ಒಳಗಿರೋದು ಒಂದು ಸಣ್ಣ ಟಿವಿ ಇದ್ದಂಗೆ, ಹಕ್ಕಿ ಮುಂದೆ ಹೋದ್ಮೇಲೆ ಅದರಲ್ಲಿ ಕಾಣುತ್ತೆ, ಒಂದು ಹತ್ತು ಫೋಟೋ ಪಟಪಟ ಹೊಡೆದ್ರೆ ಕಾರ್ಡಿಗೆ ಬರ್ಕೊಳ್ಳೋಕೆ ಅಂತ ನಿಂತೂ ಹೋಗುತ್ತೆ. ಮನೆಗೆ ಬಂದು ನೋಡಿದ್ರೆ ಬರೀ ನೀರಿನ ಅಲೆ, ನೀರಿನ ಅಲೆ. ಹಕ್ಕಿ ಸಿಕ್ಕಿದ್ದ ನಾಕೈದರಲ್ಲಿ ಮೈಯೆಲ್ಲ ಸುಣ್ಣ ಬಳಿದಂಗೆ ಬಿಳಿ, ಒಂದು ಗರಿ ಕಾಣ್ತಿರ್ಲಿಲ್ಲ. ಅಷ್ಟು ಹತ್ರದಿಂದ ಕಣ್ಣಲ್ಲಿ ನೋಡಿ ಬಂದಿದ್ದು ಕೈಲಿ ಏನೂ ಇಲ್ಲ ಅಂದಾಗ ತುಂಬಾ ಬೇಜಾರಾಗಿತ್ತು, ಪುಟ್ಟಿಗೆ ಹಂಗಾಗಬಾರ್ದು ಅಂತಲೇ ಇಷ್ಟೆಲ್ಲಾ ಹೇಳ್ತಿರೋದು.

ಹಂಗಾಗಿ ನನ್ನ ಮಾತು ಕೇಳೋದಾದ್ರೆ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5600 ಬಾಡಿ, ಅದಕ್ಕೆ ನಿಕಾನ್‌ದೇ ಎಎಫ್-ಪಿ 70-300 ವಿಆರ್ ಲೆನ್ಸು. 2016ರಲ್ಲಿ ಬಂದ ಬಾಡಿ ಅದು, ಹಳೇದು ಅಂತ ಮುಖ ಸಿಂಡರಿಸ್ಬೇಡಿ, 24 ಮೆಗಾಪಿಕ್ಸೆಲ್, ಸೆಕೆಂಡಿಗೆ 5 ಫೋಟೋ, ಫೋಕಸ್ ಪಾಯಿಂಟ್, ಅಂದ್ರೆ ಫ್ರೇಮಲ್ಲಿ ಫೋಕಸ್ ಹಿಡಿಯೋ ಜಾಗಗಳು, 39 ಇದೆ, 1500ಡಿಲಿ ಇರೋದು 9, ಸೆಕೆಂಡಿಗೆ 3 ಫೋಟೋ, ಹಾರೋ ಹಕ್ಕಿಗೆ ಈ ವ್ಯತ್ಯಾಸ ಕೈಗೆ ಗೊತ್ತಾಗುತ್ತೆ. ಇದರ ಸೆನ್ಸರ್ ಹಳೇ ಫಿಲ್ಮ್ ಅಳತೆಗಿಂತ ಚಿಕ್ಕದಿರೋದ್ರಿಂದ 300 ಅನ್ನೋದು ಒಂದೂವರೆ ಪಟ್ಟು ಆಗಿ 450 ತರ ಕಾಣುತ್ತೆ. ಬಾಡಿ ಲೆನ್ಸ್ ಎರಡೂ ಸೇರಿ 900 ಗ್ರಾಂ ಒಳಗೆ, ಆ ಪಿ950 ಒಂದೇ ಒಂದು ಕೆಜಿ ಮೇಲಿದೆ. ಬ್ಯಾಟರಿ ಫುಲ್ ಚಾರ್ಜಿಗೆ 970 ಫೋಟೋ ಅಂತ ಕಂಪ್ನಿ ಲೆಕ್ಕ, ಅಂದ್ರೆ ಎರಡು ಸಫಾರಿಗೂ ಚಿಂತೆ ಇಲ್ಲ. ಈಗ ಎಲ್ಲರೂ ಒಳಗೆ ಕನ್ನಡಿ ಇಲ್ದಿರೋ ಹೊಸಾ ತರದ ಮಿರರ್‌ಲೆಸ್‌ಗೆ ಓಡ್ತಿರೋದ್ರಿಂದ ಚೆನ್ನಾಗಿಟ್ಕೊಂಡಿದ್ದ ಡಿಎಸ್‌ಎಲ್‌ಆರ್‌ಗಳು ಕಮ್ಮಿ ರೇಟಿಗೆ ಹೊರಗೆ ಬರ್ತಿವೆ, ನಮ್ಮಂತೋರಿಗೆ ಅದೇ ಅನುಕೂಲ. ಮಿರರ್‌ಲೆಸ್ ಚೆನ್ನಾಗಿಲ್ಲ ಅಂತಲ್ಲ, ಕ್ಯಾನನ್ ಆರ್50 ತರದ್ದು ಹಕ್ಕಿ ಕಣ್ಣನ್ನೇ ಹುಡ್ಕಿ ಹಿಡಿಯುತ್ತೆ, ಆದ್ರೆ ಅದಕ್ಕೆ 100-400 ಲೆನ್ಸು ಸೇರ್ಸಿದ್ರೆ ನಿಮ್ಮ ಬಜೆಟ್ ಎರಡು ಪಟ್ಟು ದಾಟುತ್ತೆ, ಅವಳು ದುಡಿದು ತಗೊಳ್ಳೋ ಕಾಲಕ್ಕೆ ಅದು.

ಲೆನ್ಸ್ ತಗೊಳ್ಳೋವಾಗ ಇದೊಂದು ಸರಿಯಾಗಿ ನೋಡ್ಬೇಕು. ಆ 70-300 ಎರಡು ತರ ಬರುತ್ತೆ, ನೋಡೋಕೆ ಅವಳಿ ಜವಳಿ, ಒಂದರ ಮೇಲೆ ವಿಆರ್ ಅಂತ ಬರ್ದಿರುತ್ತೆ, ಇನ್ನೊಂದರ ಮೇಲೆ ಇರಲ್ಲ. ವಿಆರ್ ಅಂದ್ರೆ ಕ್ಯಾನನ್ನಿನ ಐಎಸ್ ಇದ್ದಂಗೆ, ಅದು ಇರೋದೇ ಬೇಕು. ಇನ್ನೂ ಕಮ್ಮಿಗೆ ಸಿಗುತ್ತೆ ಅಂತ ಡಿ3200, ಡಿ5100, ಡಿ7000 ಬಾಡಿ ಯಾರಾದ್ರೂ ತೋರ್ಸಿದ್ರೆ ಬೇಡ ಅನ್ನಿ, ಈ ಲೆನ್ಸು ಅವಕ್ಕೆ ಸಿಕ್ಕಿಸಿದ್ರೂ ಫೋಕಸ್ ಆಗಲ್ಲ.

ಸೆಕೆಂಡ್ ಹ್ಯಾಂಡ್ ಅಂದ ಕೂಡ್ಲೆ ಭಾವಂಗೆ ಭಯ ಅಂತ ಗೊತ್ತು, ಭಯ ಇರ್ಬೇಕಾದ್ದೇ. ನಾನು ಹಿಂದೆ ಒಂದು ಲೆನ್ಸ್ ತಗೊಂಡು ಮನೆಗೆ ಬಂದು ಒರೆಸ್ತಾ ಇದ್ದಾಗ ಒಳಗಿನ ಗ್ಲಾಸಲ್ಲಿ ಜೇಡರ ಬಲೆ ಎಳೆ ತರ ಏನೋ ಕಾಣ್ತು, ನೋಡಿದ್ರೆ ಫಂಗಸ್, ನಮ್ಮ ಮಲೆನಾಡ ಮಳೇಲಿ ಉಪ್ಪಿನಕಾಯಿ ಭರಣಿಗೆ ಬೂಷ್ಟು ಹಿಡಿಯಲ್ವಾ, ಗ್ಲಾಸಿಗೂ ಹಂಗೇ ಹಿಡಿಯುತ್ತೆ. ಅಂಗಡಿಯವ್ರು ವಾಪಸ್ ತಗೊಳ್ಲಿಲ್ಲ. ಅವತ್ತಿಂದ ನಾನು ಮೊದ್ಲು ಮಾಡೋದೇ ಇದು, ಲೆನ್ಸಿನ ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡೋದು, ಒಂದೆರಡು ಧೂಳಿನ ಕಣ ಇದ್ರೆ ಪರವಾಗಿಲ್ಲ, ಎಳೆ ಎಳೆಯಾಗಿ ಬಲೆ ತರ ಕಂಡ್ರೆ ಎದ್ದು ಬರೋದು, ಎಷ್ಟೇ ಕಮ್ಮಿ ಹೇಳ್ಲಿ. ಕ್ಯಾಮೆರಾ ಬಾಡಿಲಿ ಶಟರ್ ಕೌಂಟ್ ಅಂತ ಇರುತ್ತೆ, ಇಲ್ಲಿವರೆಗೂ ಎಷ್ಟು ಫೋಟೋ ತೆಗೆದಿದೆ ಅನ್ನೋ ಲೆಕ್ಕ, ಗಾಡಿಗೆ ಕಿಲೋಮೀಟರ್ ಇದ್ದಂಗೆ, ನಿಕಾನಲ್ಲಿ ಒಂದು ಫೋಟೋ ತೆಗೆದು ಆ ಫೈಲ್ ನೋಡಿದ್ರೇ ಸಿಗುತ್ತೆ, 20-25 ಸಾವಿರದ ಒಳಗಿದ್ರೆ ನಾನು ಖುಷಿಯಾಗಿ ತಗೋತೀನಿ, 80 ಸಾವಿರ ದಾಟಿದ್ರೆ ಬೇಡ. ಬ್ಯಾಟರಿ ಊದಿದ್ಯಾ ನೋಡ್ಬೇಕು, ಚಾರ್ಜರ್ ಒರಿಜಿನಲ್ಲಾ ನೋಡ್ಬೇಕು, ಹಳೇ ಬಿಲ್ ಇಸ್ಕೋಬೇಕು. ತಂದ್ಮೇಲೆ ಮಳೆಗಾಲದಲ್ಲಿ ಬಟ್ಟೆ ಬ್ಯಾಗಲ್ಲಿ ಸುತ್ತಿ ಬೀರುಲಿ ಇಡೋದು ಬೇಡ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ನಾಕು ಸಿಲಿಕಾ ಜೆಲ್ ಪೊಟ್ಟಣ, ವಾರಕ್ಕೊಂದ್ಸಲ ಹೊರಗೆ ತೆಗೆದು ಬೆಳಕು ತೋರ್ಸಿ.

ಈಗ ಪುಟ್ಟಿ, ನಿಂಗೆ. ಕ್ಯಾಮೆರಾ ಬಂದ ದಿನದಿಂದ ಟ್ರಿಪ್ ವರೆಗೂ ಮೂರು ವಾರ ಇರುತ್ತೆ, ನಿನ್ನ ಫೋಟೋ ಚೆನ್ನಾಗಿ ಬರೋದು ಆ ಮೂರು ವಾರದ ಅಭ್ಯಾಸದಿಂದ್ಲೇ, ಲಕ್ಕವಳ್ಳಿಗೆ ಹೋದ್ಮೇಲೆ ಕಲಿಯೋಕೆ ಟೈಮ್ ಇರಲ್ಲ. ಮಲೇಬೆನ್ನೂರಲ್ಲಿ ನಿಮ್ಮನೆ ಹಿಂದೇನೇ ಗದ್ದೆ, ಆ ಗದ್ದೆಗೆ ಬರೋ ನೀರೂ ಅದೇ ಭದ್ರಾ ಡ್ಯಾಮಿಂದು, ಸಂಜೆ ಐದಕ್ಕೆ ಅಲ್ಲಿ ಬೆಳ್ಳಕ್ಕಿ ಎಷ್ಟು ಬರುತ್ತೆ ನೀನೇ ನೋಡಿದ್ದೀಯ. ಬಿಳೀ ಹಕ್ಕಿ, ಹಿಂದೆ ಹಸಿರು ಇಲ್ಲಾ ಕಪ್ಪು ಕೆಸರು. ಬೆಳ್ಳಕ್ಕಿ ತೆಗೆಯೋಕೆ ಬಂದ್ರೆ ಟರ್ನ್ ತೆಗೆಯೋಕೂ ಬರುತ್ತೆ. ಡಯಲ್‌ನ ಎಸ್‌ಗೆ ತಿರುಗ್ಸು, ಶಟರ್ 1600ಕ್ಕೆ ಇಡು (ಅಂದ್ರೆ ಸೆಕೆಂಡಿನ 1600ರಲ್ಲಿ ಒಂದು ಭಾಗ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ ಮಾಡಿ 3200 ದಾಟದಂಗೆ ಕಟ್ಟು, ಫೋಕಸ್ ಎಎಫ್-ಸಿ, ಅಂದ್ರೆ ಹಾರೋ ಹಕ್ಕಿ ಜೊತೆಗೇ ಫೋಕಸೂ ಹೋಗೋದು. ಆಮೇಲೆ ಪ್ಲಸ್ ಮೈನಸ್ ಗುರುತಿನ ಬಟನ್ ಇರುತ್ತೆ ನೋಡು, ಅದನ್ನ ಒತ್ತಿ ಮೈನಸ್ 0.7ಕ್ಕೆ ತಾ. ಯಾಕಂದ್ರೆ ಸುತ್ತ ಎಲ್ಲಾ ಕಪ್ಪಿದ್ದಾಗ ಕ್ಯಾಮೆರಾ ಬೆಳಕು ಸಾಲ್ದು ಅನ್ಕೊಂಡು ಜಾಸ್ತಿ ಬೆಳಗಿಸುತ್ತೆ, ಆಗ್ಲೇ ಆ ಸುಣ್ಣ ಬಳಿದಂಗೆ ಆಗೋದು, ಮೈನಸ್ ಮಾಡಿದ್ರೆ ಗರಿ ಗರಿ ಬಿಡಿಸಿ ಕಾಣುತ್ತೆ. ಜೂಮ್ ಮೊದ್ಲು 70ರಲ್ಲೇ ಇಟ್ಕೊಂಡು ಹಕ್ಕಿನ ಒಳಗೆ ತಗೊಂಡು ಆಮೇಲೆ ಎಳಿ, ನೇರ 300ರಲ್ಲಿ ಹುಡುಕ್ತಾ ಕೂತ್ರೆ ಆಕಾಶನೇ ಸಿಗೋದು. ಜೀಪಲ್ಲಿ ಮಬ್ಬು ಬೆಳಕಿದ್ದಾಗ ಮಾತ್ರ ಶಟರ್ 250ಕ್ಕೆ ಇಳಿಸು, ಡ್ರೈವರ್‌ಗೆ ಅಣ್ಣಾ ಒಂದ್ನಿಮಿಷ ಇಂಜಿನ್ ಆಫ್ ಮಾಡಿ ಅಂತ ಕೇಳು.

ಟ್ರೈಪಾಡ್ ಬದ್ಲು ಒಂದು ಕೆಲ್ಸ ಮಾಡು ಅಕ್ಕ, ಭಾವಂದು ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಮೊಣಕಾಲ ಹತ್ರ ಕತ್ತರಿಸಿ, ಒಂದು ಕಡೆ ಹೊಲಿದು, ಒಂದೂವರೆ ಕೆಜಿ ಅವರೆಕಾಳು ತುಂಬಿ ಇನ್ನೊಂದು ಕಡೆನೂ ಹೊಲಿ, ಪೂರ್ತಿ ಬಿಗಿಯಾಗಿ ತುಂಬ್ಬೇಡ, ಮೂರು ಭಾಗ ಸಾಕು. ಜೀಪಿನ ಕಂಬಿ ಮೇಲೆ, ಬೋಟಿನ ಅಂಚಿನ ಮೇಲೆ ಅದನ್ನ ಹಾಕಿ ಲೆನ್ಸ್ ಕೂರಿಸಿದ್ರೆ ದಿಂಬಿನ ಮೇಲೆ ಮಗು ಮಲಗಿದಂಗೆ ಕೂರುತ್ತೆ. ವಾಪಸ್ ಬಂದ್ಮೇಲೆ ಕಾಳು ಸಾರಿಗೆ.

ಇನ್ನೊಂದು, ಇದು ಎಲ್ಲರಿಗೂ. ಆ ಟರ್ನ್ ಹಕ್ಕಿ ಗೂಡು ಕಟ್ಟಲ್ಲ, ಬರೀ ಕಲ್ಲು ಮಣ್ಣಿನ ಮೇಲೆ ಮೊಟ್ಟೆ ಇಡುತ್ತೆ, ಮೊಟ್ಟೆ ಬಣ್ಣನೂ ಕಲ್ಲಿನ ತರನೇ. ಬೋಟ್ ತೀರಾ ಹತ್ರ ಹೋಯ್ತು ಅಂದ್ರೆ ಎಲ್ಲಾ ಒಟ್ಟಿಗೆ ಎದ್ದು ಕಿರಿಚ್ತವೆ, ಅಷ್ಟೊತ್ತು ಏಪ್ರಿಲ್ ಬಿಸಿಲು ನೇರ ಮೊಟ್ಟೆ ಮೇಲೆ, ಕಾಗೆ ಹದ್ದು ಬೇರೆ ಕಾಯ್ತಿರ್ತವೆ. ಫೋಟೋ ಸಣ್ಣದಾಗಿ ಬಂದ್ರೂ ಪರವಾಗಿಲ್ಲ, ಬೋಟಿನವ್ರಿಗೆ ಇನ್ನೂ ಹತ್ರ ಬಿಡಿ ಅಂತ ಯಾರೂ ಹೇಳ್ಬೇಡಿ, ಅವರಾಗೇ ಬಿಟ್ರೂ ಬೇಡ ಸಾಕು ಅನ್ನಿ. ಚಿಕ್ಕಪ್ಪನ ಮಗಂಗೂ ಹೇಳಿರಿ.

ಕ್ಯಾಮೆರಾ ಫೀಸ್ ಬೇರೆ ಇರುತ್ತಾ, ಮೊಬೈಲ್ ಒಳಗೆ ಬಿಡ್ತಾರಾ ಅಂತ ಬುಕಿಂಗ್ ಮಾಡೋವಾಗ್ಲೇ ಕೇಳ್ಕೊಳ್ಳಿ, ಗೇಟಲ್ಲಿ ನಿಂತು ಗೊತ್ತಾದ್ರೆ ಕಷ್ಟ.

ಭಾವ, ಭಾನುವಾರ ಬೆಳಿಗ್ಗೆ ಪುಟ್ಟಿನ ಕರ್ಕೊಂಡು ಶಿವಮೊಗ್ಗಕ್ಕೆ ಬನ್ನಿ, ಇಲ್ಲಿ ನಮ್ಮ ಪರಿಚಯದೋರು ಒಬ್ರು ಡಿ5600 ಮಾರ್ತೀನಿ ಅಂತಿದಾರೆ, ಲೆನ್ಸ್ ಬೇರೆ ಕಡೆ ನೋಡೋಣ, ಎರಡನ್ನೂ ನಾನೇ ಟಾರ್ಚ್ ಬಿಟ್ಟು ನೋಡಿ ಕೊಡಿಸ್ತೀನಿ. ಅಲ್ಲಿವರೆಗೂ ಆ ಅಂಗಡಿಗೆ ಒಂದು ರೂಪಾಯಿ ಅಡ್ವಾನ್ಸ್ ಬೇಡ. ಅಕ್ಕ, ಹಳೇ ಪ್ಯಾಂಟ್ ಮರೀದೆ ಕಳಿಸು, ಹೊಲಿಗೆ ಮಿಷನ್ ನಮ್ಮನೇಲೇ ಇದೆ.