ಅಪ್‌ಡೇಟ್: ಕರಕರ ಅನ್ನುತ್ತಿದ್ದ ಆಂಪ್ಲಿಫೈಯರ್ ಮಾರಾಟವಾಯಿತು

ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಮಾರಬೇಕು, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ, ಎಡಗಡೆ ಸದ್ದು ಆಗಾಗ ಮಾಯವಾಗುತ್ತದೆ, ಇದನ್ನೆಲ್ಲ ಜಾಹೀರಾತಿನಲ್ಲಿ ಹೇಳಬೇಕಾ ಎಂದು ಕೇಳಿದ್ದೆ. ಹೇಳಿದೆ.

ಮೊದಲು ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಸಂಪರ್ಕದ ಕೊಳೆ ತೆಗೆಯುವ ಸ್ಪ್ರೇ) ಹೊಡೆದು ನೋಡಿದೆ. ಕರಕರ ನಿಂತಿತು. ಎಡ ಚಾನೆಲ್ ಮಾತ್ರ ಸರಿಹೋಗಲಿಲ್ಲ. ವಾಲ್ಯೂಮ್ ಜಾಸ್ತಿ ಮಾಡಿದರೆ ಸದ್ದು ವಾಪಸ್ ಬರುತ್ತದೆ. ಸ್ಪೀಕರ್ ರಿಲೇಯ, ಅಂದರೆ ಸ್ಪೀಕರ್‌ಗೆ ಸಂಪರ್ಕ ಕೊಡುವ ಒಳಗಿನ ಸ್ವಿಚ್ಚಿನ, ಕಾಂಟ್ಯಾಕ್ಟ್ ಕೊಳೆಯಾದಾಗ ಹೀಗಾಗುವುದುಂಟು. ಅದನ್ನೇ ಬರೆದೆ, ವಿಡಿಯೊ ಕೂಡ ಹಾಕಿದೆ. ಕೆಪಾಸಿಟರ್‌ಗಳು (ವಯಸ್ಸಾದಂತೆ ಕೆಡಬಹುದಾದ ಬಿಡಿಭಾಗ) ಹಳೆಯವೇ ಎಂದೂ ಸೇರಿಸಿದೆ. ಸುಮ್ನೆ ಧೂಳು ಒರೆಸಿ ‘ಫುಲ್ ಸರ್ವಿಸ್ ಆಗಿದೆ’ ಅನ್ನುವವರೇ ಜಾಸ್ತಿ, ಅಲ್ವಾ?

ಬರೀ ಚೌಕಾಸಿಗೆ ಫೋನ್ ಮಾಡಿದವರೂ ಇದ್ದರು. ಕೊಂಡವರು ಮಾತ್ರ ಸೋಲ್ಡರಿಂಗ್ ಬಲ್ಲವರು. ತಮ್ಮದೇ ಸ್ಪೀಕರ್ ತಂದು ಕೇಳಿದರು, ರಿಲೇ ಬದಲಿಸುವ ಖರ್ಚು ಕಳೆದು ಹಣ ಕೊಟ್ಟರು. ನನಗದು ಒಪ್ಪಿಗೆಯೇ.