ಜಿನೋವಾದಲ್ಲಿ ಎರಡು ದಿನ: ಅಪ್ಪ-ಅಮ್ಮನ ಜೊತೆ ಹೋಗಿಬಂದವರು ಹೇಳಿ

ಪ್ರಶ್ನೆ: ನಾವಿರೋದು ಮಿಲಾನಿನಲ್ಲಿ. ಅಪ್ಪ-ಅಮ್ಮ ಮೈಸೂರಿನಿಂದ ಬಂದಿದ್ದಾರೆ. ಏಪ್ರಿಲ್‌ನಲ್ಲಿ ಒಂದು ಶನಿವಾರ-ಭಾನುವಾರ ಜಿನೋವಾ ತೋರಿಸೋಣ ಅಂತ ಆಸೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ. ಇಬ್ಬರೂ ಮೊಟ್ಟೆ ಸಹ ಮುಟ್ಟಲ್ಲ. "ಊರು ಗಲೀಜು, ಅಲ್ಲಿ ರೈಲು ಬದಲಾಯಿಸಿ ಸೀದಾ ಚಿಂಕ್ವೆ ತೆರ್ರೆಗೆ (ಸಮುದ್ರದಂಚಿನ ಐದು ಹಳ್ಳಿಗಳು) ಹೋಗಿ" ಅಂತಾರೆ ಕೆಲವರು. ಏನು ಮಾಡಲಿ?

ಉತ್ತರ: ಚಿಂಕ್ವೆ ತೆರ್ರೆ ಇನ್ನೊಮ್ಮೆ ನೋಡಿದರಾಯ್ತು ಮೇಡಂ, ಎರಡೂ ದಿನ ಜಿನೋವಾಕ್ಕೇ ಕೊಡಿ. ನಮ್ಮಪ್ಪನಿಗೂ ಮಂಡಿ ತೊಂದರೆ, ಆದರೂ ಆರಾಮಾಗಿ ಸುತ್ತಿದರು. ಬೆಟ್ಟ ಸಮುದ್ರದ ಅಂಚಿನವರೆಗೂ ಬಂದಿರೋದರಿಂದ ಊರು ಮೇಲಕ್ಕೆ ಬೆಳೆದಿದೆ. ಹಾಗಾಗಿ ಇಲ್ಲಿ ಸಿಟಿ ಬಸ್ಸಿನ ಜೊತೆಗೆ ಸಾರ್ವಜನಿಕ ಲಿಫ್ಟುಗಳಿವೆ, ಹಗ್ಗ ಎಳೆಯೋ ಫ್ಯುನಿಕ್ಯುಲರ್ ರೈಲುಗಳಿವೆ. ಊರಿನವರು ತರಕಾರಿ ಚೀಲ ಹಿಡಿದು ಅದರಲ್ಲೇ ಮನೆಗೆ ಹೋಗ್ತಾರೆ.

ಪೋರ್ತೆಲ್ಲೋ ಚೌಕದಿಂದ ಒಂದು ಸುರಂಗದೊಳಗೆ ಸಮತಟ್ಟಾಗಿ ನಡೆದರೆ ಕೊನೆಯಲ್ಲಿ ಕಾಸ್ತೆಲ್ಲೆತ್ತೋ ಲಿಫ್ಟು ಸಿಗುತ್ತೆ. ಮೇಲೆ ಬಾಗಿಲು ತೆರೆದ ಕೂಡಲೇ ಸ್ಲೇಟು ಕಲ್ಲು ಹೊದಿಸಿದ ಬೂದು ಮಾಡುಗಳು, ಅವುಗಳ ಮಧ್ಯೆ ಗೀಟೆಳೆದ ಹಾಗೆ ಗಲ್ಲಿಗಳು, ಆಚೆ ಬಂದರಿನ ಕ್ರೇನುಗಳು, ಪಶ್ಚಿಮಕ್ಕೆ ಲಾಂತೆರ್ನಾ ದೀಪಸ್ತಂಭ. ಅದನ್ನು ಈಗಿನ ರೂಪದಲ್ಲಿ ಕಟ್ಟಿದ್ದು 1543ರಲ್ಲಿ, ಇವತ್ತಿಗೂ ಉರಿಯುತ್ತೆ. ಅಲ್ಲೇ ಬೆಂಚಿನ ಮೇಲೆ ಅಪ್ಪ-ಅಮ್ಮನನ್ನು ಸಂಜೆ ಬಿಸಿಲಲ್ಲಿ ಕೂರಿಸಿ. ಇನ್ನೂ ಮೇಲೆ ಹೋಗೋ ಮನಸ್ಸಿದ್ದರೆ ಕೆಳಗಿನ ಜೆಕ್ಕಾ ನಿಲ್ದಾಣದಿಂದ ಬೆಟ್ಟದ ಮೇಲಿನ ರೀಗಿಗೆ ಫ್ಯುನಿಕ್ಯುಲರ್ ಇದೆ.

ಗಲೀಜು ಅನ್ನೋ ಮಾತಿಗೆ: ಇದು ದುಡಿಯೋ ಬಂದರು. ಹಳೇ ಊರಿನ ಗಲ್ಲಿಗಳು, ಅಂದರೆ ಕರುಜ್ಜಿಗಳು, ಕೈ ಚಾಚಿದರೆ ಎರಡೂ ಗೋಡೆ ಮುಟ್ಟೋವಷ್ಟು ಇಕ್ಕಟ್ಟು. ಕೆಲವು ಕಡೆ ವಾಸನೆಯೂ ಇದೆ. ಆದರೆ ಅಂಥದೇ ಗಲ್ಲಿಯ ತಿರುವಿನಲ್ಲಿ ಅರಮನೆಯೊಂದರ ಬಾಗಿಲು ತೆರೆದಿರುತ್ತೆ, ಒಳಗೆ ಅಮೃತಶಿಲೆಯ ಕಂಬಗಳು, ಚಿತ್ರ ಬರೆದ ಛಾವಣಿ. ಹಿಂದೆ ಜಿನೋವಾ ಸ್ವತಂತ್ರ ಗಣರಾಜ್ಯವಾಗಿದ್ದಾಗ ಬಂದ ಸರ್ಕಾರಿ ಅತಿಥಿಗಳನ್ನು ಯಾವ ಶ್ರೀಮಂತರ ಮನೆಯಲ್ಲಿ ಇಳಿಸಬೇಕು ಅಂತ 1576ರಿಂದ ಪಟ್ಟಿ ಮಾಡಿಟ್ಟಿದ್ದರು. ಆ 'ರೋಲ್ಲಿ' ಅರಮನೆಗಳಲ್ಲಿ 42 ಈಗ ಯುನೆಸ್ಕೋ ಪಟ್ಟಿಯಲ್ಲಿವೆ. ವಿಯಾ ಗರಿಬಾಲ್ದಿ ಬೀದಿ ಪೂರ್ತಿ ಅವೇ, ರಸ್ತೆಯೂ ಮಟ್ಟಸ. ಪೋರ್ತೆಲ್ಲೋದಿಂದ ಎರಡು ಹೆಜ್ಜೆ.

ಉತ್ತರ: ಊಟದ ವಿಷಯ ನಾನು ಹೇಳ್ತೀನಿ. ಮೊಟ್ಟೆ ತಿನ್ನದವರಿಗೆ ಇಟಲಿಯಲ್ಲಿ ಇಷ್ಟು ಅನುಕೂಲದ ಊರು ನಾನು ಬೇರೆ ನೋಡಿಲ್ಲ. ಮೊದಲು ಫಾರಿನಾತಾ ತಿನ್ನಿಸಿ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ನೀರಾಗಿ ಕಲಸಿದ ಹಿಟ್ಟನ್ನು ಅಗಲವಾದ ತಾಮ್ರದ ತಟ್ಟೆಗೆ ಸುರಿದು ಸೌದೆ ಒಲೆಯೊಳಗೆ ತಳ್ತಾರೆ. ಹೊರಗೆ ಬಂದಾಗ ಮೇಲೆ ಕಂದು ಕಲೆ, ಅಂಚು ಗರಿಗರಿ, ಒಳಗೆ ಮೆತ್ತಗೆ. ಕಾಳುಮೆಣಸಿನ ಪುಡಿ ಉದುರಿಸಿಕೊಂಡು ಬಿಸಿಬಿಸಿ ತಿನ್ನಬೇಕು. ನಮ್ಮತ್ತೆ ಮೊದಲ ತುತ್ತಿಗೇ "ಇದು ನಮ್ಮದೇ ಕಣೇ" ಅಂದರು. ಬಂದರಿನ ಎದುರು ಸೊತ್ತೊರೀಪಾ ಕಮಾನುಗಳ ಕೆಳಗೂ ಸುತ್ತಲಿನ ಗಲ್ಲಿಗಳಲ್ಲೂ ಸಿಗುತ್ತೆ. ಮೀನು ಕರಿಯೋ ಅಂಗಡಿಗಳೂ ಅಲ್ಲೇ ಇರೋದರಿಂದ ವಾಸನೆ ಆಗದಿದ್ದರೆ ಕಟ್ಟಿಸಿಕೊಂಡು ಬನ್ನಿ.

ಪೆಸ್ತೋ, ಅಂದರೆ ಬೇಸಿಲ್ ಸೊಪ್ಪು ಅರೆದು ಮಾಡೋ ಹಸಿರು ಚಟ್ನಿ, ಹುಟ್ಟಿದ್ದೇ ಇಲ್ಲಿ. ತ್ರೋಫಿಯೆ ಅನ್ನೋ ಪಾಸ್ತಾ ಮೈದಾ-ನೀರಿನದು, ಜೊತೆಗೆ ಆಲೂಗಡ್ಡೆ, ಬೀನ್ಸ್ ಹಾಕ್ತಾರೆ. ಆದರೂ "ಸೆಂತ್ಸಾ ಊವೋವಾ?" (ಮೊಟ್ಟೆ ಇಲ್ಲ ತಾನೆ?) ಅಂತ ಕೇಳಿಯೇ ಆರ್ಡರ್ ಮಾಡಿ. ಪೆಸ್ತೋದಲ್ಲಿ ಬೀಳೋ ಪಾರ್ಮಿಜಾನೋ ಚೀಸ್‌ಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಇದನ್ನು ಅಮ್ಮನಿಗೆ ಮುಂಚೆಯೇ ಹೇಳಿ, ನಿರ್ಧಾರ ಅವರದು. ತೋರ್ತಾ ಪಾಸ್ಕ್ವಲೀನಾ ಸೊಪ್ಪಿನ ಕಡುಬಿನ ಹಾಗೆ ಕಾಣುತ್ತೆ, ಒಳಗೆ ಇಡೀ ಮೊಟ್ಟೆ ಇರುತ್ತೆ, ಬೇಡ. ಬೆಳಿಗ್ಗೆ ತೂಕದ ಮೇಲೆ ಫೊಕಾಚ್ಚಾ (ಆಲಿವ್ ಎಣ್ಣೆ ಹಾಕಿದ ಚಪ್ಪಟೆ ಬ್ರೆಡ್ಡು) ತಗೊಳ್ಳಿ. ಅದನ್ನು ಕಾಪುಚಿನೋದಲ್ಲಿ ಅದ್ದಿ ತಿನ್ನೋದು ಇಲ್ಲಿನವರ ರೂಢಿ.

ಕೇಳಿದವರು: ಲಿಫ್ಟಿನ ವಿಷಯ ಓದಿ ಅಮ್ಮನಿಗೆ ಧೈರ್ಯ ಬಂತು, ಇಬ್ಬರಿಗೂ ಧನ್ಯವಾದ! ಅಮ್ಮ ಪಿಟೀಲು ಕಲಿತವರು. ಪ್ರಸಿದ್ಧ ಪಿಟೀಲುವಾದಕ ಪಗನೀನಿ ಅದೇ ಊರಿನವರಂತೆ, ನೋಡೋಕೆ ಏನಾದರೂ ಇದೆಯಾ?

ಉತ್ತರ: ಇದೆ ಇದೆ! ಪಗನೀನಿ ಹುಟ್ಟಿದ್ದು ಇಲ್ಲೇ, 1782ರಲ್ಲಿ. ಅವರು ನುಡಿಸಿದ 'ಇಲ್ ಕಾನೋನೆ' ಪಿಟೀಲನ್ನು ಊರಿಗೇ ಬಿಟ್ಟುಹೋದರು. 1743ರಲ್ಲಿ ಕ್ರೆಮೋನಾದ ಗ್ವಾರ್ನೇರಿ ದೆಲ್ ಜೆಸೂ ಮಾಡಿದ್ದು. ಅದರ ಜಾಗ ವಿಯಾ ಗರಿಬಾಲ್ದಿಯ ತೂರ್ಸಿ ಅರಮನೆ. ಹೊರಡೋ ಮುಂಚೆ ಆ ದಿನ ಪ್ರದರ್ಶನಕ್ಕಿದೆಯಾ ಅಂತ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಪಿಟೀಲು ಹಿಡಿದ ಕೈಗಳು ಆ ಗಾಜಿನ ಮುಂದೆ ಸುಮ್ಮನೆ ಹಾದುಹೋಗಲಾರವು, ಸಮಯ ಇಟ್ಟುಕೊಳ್ಳಿ.

ಅಪ್ಪನಿಗೆ ಸಾನ್ ಲೊರೆಂತ್ಸೋ ಕೆಥೆಡ್ರಲ್ ತೋರಿಸಿ. ಫೆಬ್ರವರಿ 1941ರಲ್ಲಿ ಬ್ರಿಟಿಷ್ ಯುದ್ಧನೌಕೆ ಹಾರಿಸಿದ ಶೆಲ್ಲು ಗೋಡೆ ಸೀಳಿ ಒಳಗೆ ಬಿದ್ದು ಸಿಡಿಯಲೇ ಇಲ್ಲ. ಅದೇ ಬಗೆಯ ಶೆಲ್ಲನ್ನು ಒಳಗೆ ನಿಲ್ಲಿಸಿದ್ದಾರೆ. ಬಂದರಿನ ಪಕ್ಕದ ಸಾನ್ ಜೋರ್ಜೋ ಅರಮನೆಯನ್ನೂ ಹೊರಗಿನಿಂದ ನೋಡಿ. ಮಾರ್ಕೋ ಪೋಲೋ 1298ರಲ್ಲಿ ಜಿನೋವಾದವರ ಸೆರೆಯಲ್ಲಿದ್ದು ತನ್ನ ಪಯಣದ ಕಥೆ ಬರೆಸಿದ್ದು ಅಲ್ಲೇ ಅಂತ ಹೇಳ್ತಾರೆ. ಅಕ್ವೇರಿಯಂ ಮಕ್ಕಳಿದ್ದರೆ ಸರಿ. ನಿಮಗೆ ಅರ್ಧ ದಿನ ಅಲ್ಲಿ ಕಳೆಯೋದು ನಷ್ಟ.

ಉತ್ತರ: ಒಂದು ಮಾತು ಸೇರಿಸ್ತೀನಿ. ಚಿಂಕ್ವೆ ತೆರ್ರೆಯ ಕೋರ್ನಿಲ್ಯಾದಲ್ಲಿ ಸ್ಟೇಷನ್ನಿನಿಂದ ಊರಿಗೇ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು, ಅಮ್ಮನಿಗೆ ಖಂಡಿತ ಬೇಡ. ಸಮುದ್ರದ ಪಕ್ಕ ನಡೆಯಬೇಕು ಅಂದರೆ ಭಾನುವಾರ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ನೆರ್ವಿಗೆ ಹೋಗಿ. ಬಂಡೆಗಳ ಮೇಲೆ ಸುಮಾರು ಎರಡು ಕಿಲೋಮೀಟರ್ ಉದ್ದದ ಕಾಲುದಾರಿ, ಸಾಕೆನಿಸಿದಲ್ಲಿ ಕೂತು ವಾಪಸ್ ಬರಬಹುದು. ಉಳಿಯೋಕೆ ಬ್ರಿಞೋಲೆ ಸ್ಟೇಷನ್ನಿಗೂ ದೆ ಫೆರ್ರಾರಿ ಚೌಕಕ್ಕೂ ನಡುವೆ ರೂಮ್ ನೋಡಿ, ರಸ್ತೆ ಅಗಲ, ಟ್ಯಾಕ್ಸಿ ಬಾಗಿಲಿಗೇ ಬರುತ್ತೆ. ಗಲ್ಲಿಯೊಳಗಿನ ಹಳೇ ಮನೆಗಳಲ್ಲಿ ಎಷ್ಟೋ ಕಡೆ ಲಿಫ್ಟಿಲ್ಲ, ಬುಕ್ ಮಾಡೋ ಮುಂಚೆ ಕೇಳಿ. ರೈಲಿನ ಕಾಗದದ ಟಿಕೆಟ್ ತಗೊಂಡರೆ ಹತ್ತೋ ಮುಂಚೆ ಮೆಷಿನ್ನಿನಲ್ಲಿ ಮುದ್ರೆ ಒತ್ತಿಸೋದು ಮರೀಬೇಡಿ, ಇಲ್ಲದಿದ್ದರೆ ದಂಡ.