ಎರಡು ತಿಂಗಳ ಮಟ್ಟಿಗೆ ಹೊಸ ಆಯಾ ಬರ್ತಿದ್ದಾರೆ. ಮನೇನ, ಮಗೂನ ಹೇಗೆ ಸಿದ್ಧ ಮಾಡೋದು?

ಪುಟ್ಟಿ ಅಮ್ಮ, ಬನಶಂಕರಿ

ನಮ್ಮ ಪುಟ್ಟಿಗೆ ಒಂದು ವರ್ಷ ನಾಲ್ಕು ತಿಂಗಳು. ಅವಳನ್ನ ನೋಡ್ಕೊಳ್ಳೋ ಆಂಟಿ ಮಗಳ ಬಾಣಂತನಕ್ಕೆ ಮದ್ದೂರಿಗೆ ಹೋಗ್ತಿದ್ದಾರೆ, ಎರಡು ತಿಂಗಳು ಬರಲ್ಲ. ಏಜೆನ್ಸಿ ಮೂಲಕ ಬದಲಿ ಒಬ್ಬರನ್ನ ಗೊತ್ತು ಮಾಡಿದ್ದೀವಿ. ನನಗೆ ವಾರಕ್ಕೆ ಮೂರು ದಿನ ಮಾರತಹಳ್ಳಿ ಆಫೀಸು. ಫೋನ್ ಬಂದ್ರೂ ಆ ಟ್ರಾಫಿಕ್ಕಲ್ಲಿ ತಕ್ಷಣ ಓಡಿ ಬರೋಕಾಗಲ್ಲ. ಮನೇಲಿ ಅತ್ತೆ ಇದ್ದಾರೆ, ಆದ್ರೆ ಮಂಡಿನೋವು, ಮಗೂನ ಎತ್ತೋಕಾಗಲ್ಲ. ರಾಗಿ ಸರಿ ತೆಳ್ಳಗಿರಬೇಕು ಅಂತ ಅವರು, ಗಟ್ಟಿ ಇರಲಿ ಅಂತ ನಾನು. ಹಳೇ ಆಂಟಿ ಹೇಗೋ ಇಬ್ಬರನ್ನೂ ಸಂಭಾಳಿಸ್ತಿದ್ರು. ಪುಟ್ಟಿ ಬೇರೆ ಈಗೀಗ ಹೊಸಬರನ್ನ ಕಂಡ್ರೆ ನನ್ನ ಕತ್ತು ಬಿಡೋದೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ರಾಜಾಜಿನಗರದ ಅಪ್ಪ

ಮೊದಲು ಕಾಗದಪತ್ರ. ಆಧಾರ್ ಪ್ರತಿ, ಊರಿನ ವಿಳಾಸ, ಅವರ ಮನೆಯವರೊಬ್ಬರ ನಂಬರ್ ತಗೊಳ್ಳಿ. ಪೊಲೀಸ್ ವೆರಿಫಿಕೇಶನ್‌ಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಅವರಿಗೂ ಹೇಳಿಯೇ ಹಾಕಿ. ಅವರು ಮಧ್ಯದಲ್ಲಿ ಬಿಟ್ಟರೆ ಬೇರೆಯವರನ್ನ ಎಷ್ಟು ದಿನದೊಳಗೆ ಕಳಿಸ್ತೀರಿ ಅಂತ ಏಜೆನ್ಸಿಯಿಂದ ಬರೆಸಿಕೊಳ್ಳಿ.

ತುಮಕೂರಿನ ಆಯಮ್ಮ

ಅಮ್ಮ, ನಾನು ಬೆಂಗಳೂರಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಕೆಲಸ ಮಾಡಿದೋಳು. ಬದಲಿ ಅಂತ ಹೋದ ಮನೆಗಳೇ ಜಾಸ್ತಿ. ಅದಕ್ಕೇ ಬರೀತಿದ್ದೀನಿ.

ಹಳೇ ಆಂಟಿ ಊರಿಗೆ ಹೋಗೋಕ್ ಮುಂಚೆ ಕೆಲವು ದಿನ ಇಬ್ಬರೂ ಒಟ್ಟಿಗೆ ಇರೋ ಹಂಗೆ ಮಾಡಿ. ಇಬ್ಬರಿಗೂ ಸಂಬಳ ಕೊಡಬೇಕಾಗುತ್ತೆ, ಆದ್ರೂ ಮಾಡಿ. ಬಂದ ತಕ್ಷಣ ಮಗೂನ ಎತ್ಕೋ ಅಂತ ಹೊಸಬರ ಕೈಗೆ ಕೊಡಬೇಡಿ. ನೀವು ಅವರ ಜೊತೆ ಕೂತು ಕಾಫಿ ಕುಡೀರಿ, ನಾಲ್ಕು ಮಾತಾಡಿ. ಮಗು ನಮ್ಮನ್ನ ನೋಡೋಕ್ ಮುಂಚೆ ಅಮ್ಮನ ಮುಖ ನೋಡುತ್ತೆ. ನೀವು ನಗ್ತಾ ಮಾತಾಡಿದ್ರೆ ತಾನಾಗೇ ಒಂದು ಆಟದ ಸಾಮಾನು ಹಿಡ್ಕೊಂಡು ಹತ್ರ ಬರುತ್ತೆ.

ಆಫೀಸಿಗೆ ಕದ್ದು ಹೋಗಬೇಡಿ. ಟಾಟಾ ಹೇಳಿ ಹೊರಡಿ, ಅತ್ರೆ ಅಳಲಿ. ಕದ್ದು ಹೋದ ದಿನ ಮಗು ಸಂಜೆವರೆಗೂ ಬಾಗಿಲು ಕಾಯುತ್ತೆ, ಊಟಾನೂ ಸೇರಲ್ಲ.

ಮಲಗೋದು ಹೇಗೆ ಅಂತ ಬಿಡಿಸಿ ಹೇಳಿ. ವಿಜಯನಗರದ ಒಂದು ಮನೇಲಿ ಮಧ್ಯಾಹ್ನ ಎಷ್ಟು ತಟ್ಟಿದ್ರೂ ಮಗು ಮಲಗಲೇ ಇಲ್ಲ, ಅತ್ತು ಅತ್ತು ಕೆಂಪಗಾಯ್ತು. ಅಮ್ಮನ ಹಳೇ ಕಾಟನ್ ಸೀರೆ ತುಂಡನ್ನ ಕೆನ್ನೆಗೆ ಇಟ್ಕೊಂಡ್ರೇನೇ ಅದಕ್ಕೆ ನಿದ್ದೆ. ಅವತ್ತು ಅದನ್ನ ಒಗೆದು ಹಾಕಿದ್ರು, ನನಗೆ ಯಾರೂ ಹೇಳಿರಲಿಲ್ಲ. ಮನೆಯವರಿಗೆ ಅದು ಹೇಳೋ ವಿಷಯ ಅಂತಾನೇ ಅನ್ಸಿರಲ್ಲ. ಹಳೇ ಆಂಟಿನ ಕೇಳಿ, ಇಂಥದ್ದೆಲ್ಲ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ.

ರಾಗಿ ಸರಿ ವಿಷಯ ನೀವೂ ಅತ್ತೆಯವರೂ ಮೊದಲೇ ಕೂತು ಒಂದು ಮಾತಿಗೆ ಬನ್ನಿ. ಒಲೆ ಮುಂದೆ ನಿಂತಾಗ ಒಬ್ಬರು ನೀರು ಹಾಕು ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ. ನಾವು ಯಾರ ಮಾತು ಕೇಳೋದು? ನೀವು ಮನೇಲಿಲ್ಲದಾಗ ಅತ್ತೆ ಮಾತೇ ಕೊನೇದು ಅಂತಾದ್ರೆ, ಅದನ್ನ ಅವರ ಎದುರಿಗೇ ಹೇಳಿಬಿಡಿ.

ಇನ್ನು ಬರೋರ ವಿಷಯ. ಊಟ ಎಷ್ಟು ಹೊತ್ತಿಗೆ, ಯಾವ ಬಾತ್‌ರೂಮು, ಮಗು ಮಲಗಿದಾಗ ಸ್ವಲ್ಪ ಹೊತ್ತು ಒರಗಬಹುದಾ, ಇದನ್ನ ನಾವಾಗಿ ಕೇಳೋಕೆ ನಾಚಿಕೆ ಆಗುತ್ತೆ, ನೀವೇ ಹೇಳಿ. ನನಗೆ ಅಂತ ಬೇರೆ ತಟ್ಟೆ, ಬೇರೆ ಲೋಟ ಎತ್ತಿಟ್ಟ ಮನೆಗಳಿದ್ವು. ಅದೇ ಕೈಯಲ್ಲಿ ಅವರ ಮಗೂಗೆ ತುತ್ತು ಕೊಡ್ತಿದ್ದೆ. ಹಂಗೆ ಮಾಡಬೇಡಿ ತಾಯಿ. ಕ್ಯಾಮೆರಾ ಇದ್ರೆ ಎಲ್ಲೆಲ್ಲಿದೆ ಅಂತ ಮೊದಲೇ ತೋರಿಸಿ. ಮಗು ಮಲಗಿದ್ಯಲ್ಲ ಅಂತ ಪಾತ್ರೆ, ಬಟ್ಟೆ ಸೇರಿಸ್ತಾ ಹೋಗಬೇಡಿ. ಕೈ ಸೋತ ಮೇಲೆ ಮಗು ಮೇಲೆ ಗಮನ ಹೇಗಿರುತ್ತೆ?

ಮಕ್ಕಳ ವಾರ್ಡಿನ ನರ್ಸ್, ದಾವಣಗೆರೆ

ರಾಗಿ ಸರಿ ಗಟ್ಟಿಯಾಗಿರಲಿ, ಚಮಚ ವಾಲಿಸಿದ್ರೆ ಹರಿದುಹೋಗಬಾರದು. ತೆಳ್ಳಗಾದ್ರೆ ಹೊಟ್ಟೆ ತುಂಬುತ್ತೆ, ಪೋಷಣೆ ಸಾಲಲ್ಲ. ಈ ವಯಸ್ಸಿಗೆ ಮನೆ ಊಟಾನೇ, ಖಾರ ಇಲ್ಲದೆ, ಮೆದುವಾಗಿ ಕಲಸಿ ಕೊಡಬಹುದು ಅಂತ ಅತ್ತೆಯವರಿಗೆ ಹೇಳಿ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಬಾತ್‌ರೂಮಲ್ಲಿ ತುಂಬಿದ ಬಕೆಟ್ ಇಡಬೇಡಿ. ರಿಮೋಟಿನ ಬಟನ್ ಸೆಲ್ (ನಾಣ್ಯದ ಥರ ಚಪ್ಪಟೆ ಇರೋದು) ಕೈಗೆ ಸಿಗದ ಹಾಗಿರಲಿ. ನುಂಗಿದ್ರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಜ್ವರದ ಔಷಧಿ ವಿಷಯ ಒತ್ತಿ ಹೇಳ್ತೀನಿ. ಪ್ಯಾರಾಸಿಟಮಾಲ್ ಡ್ರಾಪ್ಸ್ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತೆ. ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 250. ಸಿರಪ್ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದ್ರೆ ಅಪಾಯ. ಮನೇಲಿ ಒಂದೇ ಬಾಟಲಿ ಇಡಿ, ಪುಟ್ಟಿ ತೂಕಕ್ಕೆ ಎಷ್ಟು ಎಂಎಲ್ ಅಂತ ಡಾಕ್ಟರ ಹತ್ರ ಕೇಳಿ ಅದರ ಮೇಲೇ ಕನ್ನಡದಲ್ಲಿ ಬರೆದು ಅಂಟಿಸಿ. ನಿಮಗೆ ಫೋನ್ ಮಾಡದೆ ಕೊಡೋದು ಬೇಡ. ಫ್ರಿಜ್ ಮೇಲೆ 108, 112, ಪಕ್ಕದ ಮನೆಯವರ ನಂಬರ್ ದೊಡ್ಡದಾಗಿ ಬರೀರಿ.

ಪುಟ್ಟಿ ಅಮ್ಮ, ಬನಶಂಕರಿ

ಎಲ್ಲರಿಗೂ ಧನ್ಯವಾದ. ಗಟ್ಟಿ ಸರಿಗೆ ಅತ್ತೆ ಒಪ್ಪಿದ್ರು! ಹಳೇ ಆಂಟಿ ಕೊನೇ ವಾರ ಹೊಸಬರ ಜೊತೆ ಇರ್ತೀನಿ ಅಂದಿದ್ದಾರೆ. ಆಯಮ್ಮ, ಎರಡು ತಿಂಗಳಾದ ಮೇಲೆ ಇವರನ್ನ ಬಿಡೋಕೆ ಪುಟ್ಟಿಗೆ ಕಷ್ಟ ಆಗಲ್ವಾ?

ತುಮಕೂರಿನ ಆಯಮ್ಮ

ಆಗುತ್ತೆ ಅಮ್ಮ, ಅವರಿಗೂ ಆಗುತ್ತೆ. ಹಳೇ ಆಂಟಿನ ಆಗಾಗ ವಿಡಿಯೋ ಕಾಲಲ್ಲಿ ತೋರಿಸ್ತಿರಿ, ಮುಖ ಮರೆಯಲ್ಲ. ಬದಲಿಯವರ ಸಂಬಳದ ಲೆಕ್ಕ ಹಿಂದಿನ ದಿನವೇ ಮುಗಿಸಿ. ಕೊನೇ ದಿನ ಮಗು ಎಚ್ಚರ ಇದ್ದಾಗಲೇ ಕಳಿಸಿಕೊಡಿ.